ಹದಿನಾಲ್ಕು ಮಕ್ಕಳ ಪಟ್ಟಿಯೂ ನಾನು ಹಚ್ಚಿದ ಹೆಸರೂ

2016ರಲ್ಲಿ ನಾನು ಬ್ಯಾಡಗಿ ತಾಲ್ಲೂಕಿನ ಒಂದು ಅನುದಾನಿತ ಪ್ರೌಢಶಾಲೆಯಲ್ಲಿ ವಿಜ್ಞಾನ ಶಿಕ್ಷಕನಾಗಿದ್ದೆ. ನಿವೃತ್ತಿಗೆ ಮೂರು ವರ್ಷ ಬಾಕಿ. ರಾಣೆಬೆನ್ನೂರಿನಿಂದ ದಿನಾ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ಮೆಣಸಿನಕಾಯಿ ಸುಗ್ಗಿಯಲ್ಲಿ ಬ್ಯಾಡಗಿ ದಾಟುವಾಗ ಘಾಟಿಗೆ ಬಸ್ಸಿನ ತುಂಬ ಸೀನು. ಕಂಡಕ್ಟರ್ ಊರು ಕೇಳಿದರೆ ನಾಲ್ಕು ಸೀನು ಮುಗಿದ ಮೇಲೆಯೇ ಉತ್ತರ. ಆ ಸೀನನ್ನೂ ಈಗ ನೆನೆಸಿಕೊಳ್ಳುತ್ತೇನೆ ಎಂದರೆ ಹೆಂಡತಿ ನಗುತ್ತಾಳೆ. ಆ ವರ್ಷ ಹತ್ತನೇ ತರಗತಿಯ ಕ್ಲಾಸ್ ಟೀಚರ್ ನಾನೇ. ನಲವತ್ತೊಂದು ಮಕ್ಕಳಿದ್ದರು.

ನಮ್ಮ ಮುಖ್ಯಾಧ್ಯಾಪಕರು ಅಂಗಡಿ ಸರ್. ಗಣಿತದವರು, ಮುಖ್ಯಾಧ್ಯಾಪಕರಾದ ಮೇಲೆ ತರಗತಿ ತೆಗೆದುಕೊಳ್ಳುತ್ತಿರಲಿಲ್ಲ; ಶಿಸ್ತಿನ ಮನುಷ್ಯ. ಸುತ್ತಲಿನ ಹಳ್ಳಿಗಳಿಗೆ ಇಂಗ್ಲಿಷ್ ಮೀಡಿಯಂ ಶಾಲೆಗಳ ಹಳದಿ ವ್ಯಾನುಗಳು ಬರತೊಡಗಿದ ಮೇಲೆ ಅವರ ನಿದ್ದೆ ಕೆಟ್ಟಿತ್ತು. ನೂರಕ್ಕೆ ನೂರು ಫಲಿತಾಂಶ ತೋರಿಸದಿದ್ದರೆ ನಮ್ಮಲ್ಲಿಗೆ ಮಕ್ಕಳು ಬರುವುದಿಲ್ಲ, ಮಕ್ಕಳಿಲ್ಲದಿದ್ದರೆ ಶಾಲೆ ಉಳಿಯುವುದಿಲ್ಲ ಎಂಬುದು ಅವರ ಲೆಕ್ಕ. ಅದು ತಪ್ಪು ಲೆಕ್ಕವೇನೂ ಆಗಿರಲಿಲ್ಲ.

ದಸರಾ ರಜೆ ಮುಗಿದ ವಾರ ಅವರು ಸ್ಟಾಫ್ ಮೀಟಿಂಗ್ ಕರೆದರು. ಟೇಬಲ್ ಮೇಲೆ ಮಧ್ಯಾವಧಿ ಪರೀಕ್ಷೆಯಲ್ಲಿ ನೆಲಕಚ್ಚಿದ ಹದಿನಾಲ್ಕು ಮಕ್ಕಳ ಪಟ್ಟಿ. ಅವರ ಪಾಲಕರನ್ನು ಕರೆಸಿ, ಟಿ.ಸಿ. ಕೊಟ್ಟು, ಖಾಸಗಿ ಅಭ್ಯರ್ಥಿಗಳಾಗಿ ಪರೀಕ್ಷೆಗೆ ಕಟ್ಟಿಸಬೇಕು ಎಂದರು. ಹಾಗೆ ಕಟ್ಟಿದವರು ನಪಾಸಾದರೂ ಶಾಲೆಯ ಲೆಕ್ಕಕ್ಕೆ ಬರುವುದಿಲ್ಲ. ನಾನು ಆಕ್ಷೇಪಿಸಿದೆ.

ಅಂಗಡಿ ಸರ್ ಹಾಜರಿ ಪುಸ್ತಕ ನನ್ನ ಮುಂದೆ ತೆರೆದಿಟ್ಟರು. “ನೋಡ್ರಿ, ಹಾಜರಿ ಪೂರಾ ಐತಿ. ದಿನಾ ಸಾಲಿಗೆ ಬಂದೂ ಮಾರ್ಕ್ಸ್ ಬರಲಿಲ್ಲಂದ್ರ ಹುಡುಗರೊಳಗ ದಮ್ ಇಲ್ಲ. ವಿಕಾಸವಾದ ಕಲಸೂವ್ರು ನೀವ ಅಲ್ಲೇನು? ತಾಳಿದ್ದು ಉಳಿತೈತಿ, ತಾಳದ್ದು ಹೋಗ್ತೈತಿ ಅಂತೀರಿ. ಸಾಲಿಯೊಳಗ ಬಂದ್ರ ಆ ನಿಯಮ ಸುಳ್ಳಾಗತೈತೇನು?”

ನನಗೆ ಮೈಯೆಲ್ಲ ಉರಿದುಹೋಯಿತು. “ಸರ್, ಇದಕ್ಕ ಸೋಶಿಯಲ್ ಡಾರ್ವಿನಿಸಂ ಅಂತಾರ. ಇದನ್ನ ನಂಬಿದವರು ಜಗತ್ತಿನಾಗ ಎಷ್ಟು ಮಂದೀನ ಅಯೋಗ್ಯರಂತ ಹೇಳಿ ಕೊಂದಾರ ಗೊತ್ತೈತೇನ್ರಿ?” ಎಂದು ಎಲ್ಲರೆದುರು ಕೂಗಿದೆ.

ಈ ಹೆಸರಿನ ಬಗ್ಗೆ ಎರಡು ಮಾತು ಹೇಳಬೇಕು. ಗಿಡ, ಪ್ರಾಣಿಗಳ ವಿಕಾಸಕ್ಕೆ ಹೇಳಿದ ಮಾತನ್ನು ತಂದು ಮನುಷ್ಯರ ಸಮಾಜಕ್ಕೆ ಹೊಂದಿಸಿ, ಗೆದ್ದವನು ಯೋಗ್ಯ, ಸೋತವನು ಅಯೋಗ್ಯ, ಅದೇ ಪ್ರಕೃತಿಯ ನ್ಯಾಯ ಎನ್ನುವ ವಿಚಾರಕ್ಕೆ ಆ ಹೆಸರಿದೆ. ತಮ್ಮನ್ನು ತಾವೇ ಹಾಗೆ ಕರೆದುಕೊಂಡವರು ಅಪರೂಪ. ಹೆಚ್ಚಾಗಿ ಅದು ಎದುರಾಳಿಗಳು ಹಚ್ಚುವ ಹೆಸರು, ಬೈಗುಳದಂತೆ. ನಾನೂ ಹಾಗೆಯೇ ಬಳಸಿದ್ದೆ.

ಅಂಗಡಿ ಸರ್ ಮುಖ ಕಪ್ಪಿಟ್ಟಿತು. “ನಾ ಈ ಸಾಲಿ ಉಳಿಸೂದ ನೋಡಾಕತ್ತೇನಿ. ನೀವು ನನ್ನ ಕೊಲೆಗಾರರ ಸಾಲಿನಾಗ ನಿಲ್ಲಸಾಕತ್ತೀರಿ,” ಎಂದು ಎದ್ದು ಹೋದರು. ಮೀಟಿಂಗ್ ಮುಗಿಯಿತು. ಪಟ್ಟಿ ಹಾಗೆಯೇ ಉಳಿಯಿತು. ಸಹೋದ್ಯೋಗಿಗಳು ಗಿರ್ಮಿಟ್ ತರಿಸಿ “ಭಾರೀ ಕೊಟ್ರಿ ಬಿಡ್ರಿ ಸರ್” ಎಂದರು. ನಾನೂ ಗೆದ್ದವನಂತೆ ತಿಂದೆ. ಆ ನಂತರ ಹನ್ನೊಂದು ದಿನ ಅವರೂ ನನ್ನನ್ನು ಮಾತನಾಡಿಸಲಿಲ್ಲ, ನಾನೂ ಅವರ ಕೋಣೆಯ ಕಡೆ ಹಾಯಲಿಲ್ಲ.

ಹನ್ನೆರಡನೆಯ ದಿನ, ಎರಡನೇ ಬೆಂಚಿನ ರೇಣುಕಾ ನಾಲ್ಕೈದು ದಿನಗಳಿಂದ ಕಾಣುತ್ತಿಲ್ಲ ಎಂಬುದು ಗಮನಕ್ಕೆ ಬಂತು. ಪಟ್ಟಿಯಲ್ಲಿದ್ದ ಹುಡುಗಿ. ಪಾಠದ ನಡುವೆ ಕೈಯೆತ್ತಿ ಪ್ರಶ್ನೆ ಕೇಳಿ ನನ್ನನ್ನು ತಬ್ಬಿಬ್ಬು ಮಾಡುತ್ತಿದ್ದವಳು. ವಿಚಾರಿಸಿದರೆ, ಅಂಗಡಿ ಸರ್ ಕರೆಸಿದ ಪಾಲಕರಲ್ಲಿ ಮೊದಲಿಗಳಾಗಿ ಅವಳ ತಾಯಿ ಹಿಂದಿನ ವಾರವೇ ಬಂದು ಟಿ.ಸಿ. ಒಯ್ದಿದ್ದಳು, ಖಾಸಗಿ ಅರ್ಜಿಯೂ ಹೋಗಿಯಾಗಿತ್ತು. ಸಂಜೆ ಅವರ ಹಳ್ಳಿಗೆ ಹೋದೆ. ತಾಯಿ ಫಕ್ಕೀರವ್ವ ಕಟ್ಟೆಯ ಮೇಲೆ ಚಾಪೆ ಹಾಸಿ ಕೂರಿಸಿದಳು. ಇಷ್ಟು ಚುರುಕಿನ ಹುಡುಗಿಗೆ ಮಾರ್ಕ್ಸ್ ಯಾಕೆ ಬಿದ್ದವು ಎಂದು ಕೇಳಿದೆ.

“ಬೀಜದ ಹತ್ತಿ ಪ್ಲಾಟಿನಾಗ ಕ್ರಾಸಿಂಗ್ ಇತ್ತಲ್ರಿ ಸರ್,” ಎಂದಳು. ಹೈಬ್ರಿಡ್ ಬೀಜಕ್ಕಾಗಿ ಒಂದು ತಳಿಯ ಹೂವಿನ ಪರಾಗವನ್ನು ಇನ್ನೊಂದರ ಹೂವಿಗೆ ಕೈಯಿಂದ ಸವರುವ ಕೆಲಸ ಅದು. “ಮುಂಜಾನಿ ಹೂವು ಅರಳಿದ ಮ್ಯಾಲ ಮುಟ್ಟಸಬೇಕು, ಬಿಸಲೇರಿದ್ರ ಕಾಯಿ ಹಿಡಿಯೂದಿಲ್ಲ. ಸಣ್ಣ ಕೈ ಬೇಕಂತಾರ. ಎರಡು ತಿಂಗಳು ನಮ್ಮ ರೇಣಿ ಒಬ್ಬಾಕಿನ ಅಲ್ಲ, ನಿಮ್ಮ ಸಾಲಿ ಹುಡುಗ್ರು ಭಾಳ ಮಂದಿ ಅಲ್ಲೇ ಇರತಿದ್ರು. ಮಧ್ಯಾಹ್ನ ಸಾಲಿಗೆ ಬರತಿದ್ರು. ನಿಮಗ ಗೊತ್ತಿರಲಿಲ್ಲೇನ್ರಿ? ಹಾಜರಿ ನೀವ ಹಾಕತಿದ್ರಂತಲ್ಲ?”

ಹಾಜರಿ ಹಾಕುತ್ತಿದ್ದವನು ನಾನೇ. ಹಾಜರಿ ಕಡಿಮೆಯಾದರೆ ಪರೀಕ್ಷೆಗೆ ಕೂರಿಸುವುದಿಲ್ಲವಲ್ಲ, ಪಾಪ ಎಂದು ತಡವಾಗಿ ಬಂದವರಿಗೂ ಇಡೀ ದಿನದ ಹಾಜರಿ ಕೊಡುವುದು ನಮ್ಮಲ್ಲಿ ಎಲ್ಲರ ರೂಢಿ. ಬಸ್ಸು ತಡ ಎಂದು ಮಕ್ಕಳು ಹೇಳುತ್ತಿದ್ದರು, ನಂಬಿದರೆ ನನಗೂ ಸಲೀಸು. ಮುಂಜಾನೆಯ ಗಣಿತ, ಇಂಗ್ಲಿಷ್ ಎರಡೂ ಅವರಿಗೆ ತಪ್ಪಿದ್ದವು. ಪುಸ್ತಕದಲ್ಲಿ ಮಾತ್ರ ಎಲ್ಲರೂ ಹಾಜರು. ಆ ಮಕ್ಕಳು ದಡ್ಡರೆಂದು ಸಾಬೀತು ಮಾಡಿದ್ದು ನನ್ನ ಪೆನ್ನು.

ಮರುದಿನ ಅಂಗಡಿ ಸರ್ ಕೋಣೆಗೆ ಹೋದೆ. ಈ ಸಲ ಬಾಯಿಗೆ ಯಾವ ಇಸಂ ಬರಲಿಲ್ಲ. ಮಳೆಗಾಲದ ಮೊದಲ ಕಿರುಪರೀಕ್ಷೆಯ ಅಂಕಗಳನ್ನೂ ಮಧ್ಯಾವಧಿಯ ಅಂಕಗಳನ್ನೂ ಪಕ್ಕಪಕ್ಕ ಇಟ್ಟೆ. ಹದಿನಾಲ್ವರಲ್ಲಿ ಹನ್ನೆರಡು ಮಂದಿ ಮೊದಲನೆಯದರಲ್ಲಿ ಪಾಸಾಗಿದ್ದರು. ಹಾಜರಿಯ ಸತ್ಯವನ್ನೂ ಹೇಳಿದೆ.

ಅವರು ಕನ್ನಡಕ ತೆಗೆದು ಒರೆಸಿದರು. “ಸುಳ್ಳು ಹಾಜರಿ ಹಾಕೀನಂತ ಬಾಯಿಬಿಟ್ಟು ಹೇಳಾಕತ್ತೀರಿ. ಮ್ಯಾಲಿನವರಿಗೆ ಗೊತ್ತಾದ್ರ ಪೆನ್ಶನ್ ಗತಿ ಏನ್ರಿ?”

“ಅದು ಗೊತ್ತಿದ್ದ ಬಂದೇನ್ರಿ.”

“ಅವತ್ತ ಮೀಟಿಂಗಿನ್ಯಾಗ ಇದನ್ನ ಹೇಳಿದ್ರ ಕೇಳತಿದ್ನಲ್ರಿ,” ಎಂದು ಪಟ್ಟಿಯನ್ನು ಹರಿದು ಬುಟ್ಟಿಗೆ ಹಾಕಿದರು.

ಹದಿಮೂರು ಮಕ್ಕಳು ಉಳಿದರು. ರೇಣುಕಾಳ ಅರ್ಜಿ ಹಿಂಪಡೆಯಲು ಇಬ್ಬರೂ ಅಂಗಡಿ ಸರ್ ಬೈಕಿನಲ್ಲಿ ಹಾವೇರಿಯ ಶಿಕ್ಷಣ ಇಲಾಖೆ ಕಚೇರಿಗೆ ಹೋದೆವು. ಗಡುವು ದಾಟಿದೆ, ಆಗುವುದಿಲ್ಲ ಎಂದರು. ವಾಪಸು ಬರುವಾಗ ಮೋಟೆಬೆನ್ನೂರಿನಲ್ಲಿ ಅವರು ಬೈಕು ನಿಲ್ಲಿಸಿದರು. ಅಲ್ಲಿ ಚಹಾ ಕುಡಿಯುತ್ತ ಅವರೇ ಹೇಳಿದರು: “ಪುಸ್ತಕದಾಗ ಹೆಸರಿಲ್ಲದಿದ್ರೇನಾತು, ಬೆಂಚಿನ್ಯಾಗ ಜಾಗ ಐತಲ್ಲ. ಬಾ ಅನ್ರಿ ಆ ಹುಡುಗಿಗೆ.”

ಅವಳು ಬಂದಳು. ಫೆಬ್ರುವರಿಯವರೆಗೆ ಮುಂಜಾನೆ ಎಂಟಕ್ಕೆ ಆ ಹದಿನಾಲ್ವರಿಗೆ ವಿಶೇಷ ತರಗತಿ. ಗಣಿತ ಅಂಗಡಿ ಸರ್ ಖುದ್ದು ತೆಗೆದುಕೊಂಡರು. ನಾನು ವಿಕಾಸದ ಪಾಠವನ್ನು ಮತ್ತೊಮ್ಮೆ ಮಾಡಿದೆ: ಯೋಗ್ಯ ಎಂಬುದು ಒಂದು ಜಾಗಕ್ಕೆ, ಒಂದು ಕಾಲಕ್ಕೆ ಹೊಂದಿದ ಮಾತು; ಪ್ರಕೃತಿಯಲ್ಲಿ ಹೀಗಾಗುತ್ತದೆ ಎಂದರೆ ನಾವೂ ಹೀಗೇ ಮಾಡಬೇಕು ಎಂದಲ್ಲ. ಎಷ್ಟೋ ವರ್ಷ ಕಲಿಸಿದ ಪಾಠ, ಆ ದಿನ ನನಗೇ ಸರಿಯಾಗಿ ತಿಳಿಯಿತು. ಆ ಚಳಿಯ ಮುಂಜಾವುಗಳು, ಬುತ್ತಿ ಬಿಚ್ಚಿ “ರೊಟ್ಟಿ ತಿನ್ರಿ ಸರ್” ಎನ್ನುವ ಮಕ್ಕಳು, ಬೋರ್ಡಿನ ಮುಂದೆ ಶಾಲು ಹೊದ್ದ ಅಂಗಡಿ ಸರ್: ನನ್ನ ನೌಕರಿಯ ಅತ್ಯಂತ ಸುಖದ ದಿನಗಳು ಅವೇ.

ಶಾಲೆಯ ಹದಿಮೂರರಲ್ಲಿ ಹನ್ನೊಂದು ಮಂದಿ ಪಾಸಾದರು. ನೂರಕ್ಕೆ ನೂರು ಬರಲಿಲ್ಲ. ಶಾಲೆ ಇಂದಿಗೂ ನಡೆದಿದೆ. ಹೊರಗಿನಿಂದ ಕಟ್ಟಿದ ರೇಣುಕಾ ಆ ಹದಿಮೂವರಿಗಿಂತಲೂ ಹೆಚ್ಚು ಅಂಕ ಪಡೆದಳು. ಶಾಲೆಯ ಫಲಿತಾಂಶದ ಹಾಳೆಯಲ್ಲಿ ಅವಳ ಹೆಸರಿಲ್ಲ.

ಒಬ್ಬರಿಗೆ ಕೆಟ್ಟ ಹೆಸರು ಹಚ್ಚಿದ ಕೂಡಲೇ ಕೆಲಸ ಮುಗಿಯಿತು ಎಂದು ನಮಗನ್ನಿಸುತ್ತದೆ. ಅಂಗಡಿ ಸರ್ ಮಕ್ಕಳಿಗೆ ಹಚ್ಚಿದ ‘ದಮ್ ಇಲ್ಲದವರು’ ಎಂಬ ಹೆಸರೂ, ನಾನು ಅವರಿಗೆ ಹಚ್ಚಿದ ಹೆಸರೂ ಒಂದೇ ಕೆಲಸ ಮಾಡಿದವು. ಯಾಕೆ ಎಂದು ಕೇಳುವುದನ್ನು ನಿಲ್ಲಿಸಿದವು. ನನ್ನ ಮಾತು ಸರಿಯಾಗಿಯೇ ಇತ್ತು. ಆ ಸರಿಯ ಜಂಬದಲ್ಲಿ ಕಳೆದ ಹನ್ನೊಂದು ದಿನಗಳ ಬೆಲೆ ತೆತ್ತದ್ದು ಮಾತ್ರ ನಾನಲ್ಲ, ರೇಣುಕಾ.

ಹೋದ ವರ್ಷ ರಾಣೆಬೆನ್ನೂರಿನ ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ತರುಣಿ ಬಂದು ಕಾಲಿಗೆರಗಿದಳು. ರೇಣುಕಾ. ಬೀಜ ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಕೆಲಸವಂತೆ. ಜೊತೆಗಿದ್ದ ಗೆಳತಿಯರಿಗೆ “ಇವರು ನಮ್ಮ ಸರ್” ಎಂದಳು. ಮರುಕ್ಷಣ ನನ್ನ ಕಡೆ ತಿರುಗಿ ಸಣ್ಣ ದನಿಯಲ್ಲಿ ಕೇಳಿದಳು: “ಹಂಗ ಅನ್ನಬಹುದಲ್ರಿ ಸರ್? ನಾ ನಿಮ್ಮ ಸಾಲಿಯಿಂದ ಪಾಸಾದಾಕಿ ಅಲ್ಲಲ್ರಿ.”