ಯುರೋಪಿಗೆ ಹೊರಟ ನನ್ನ ಕಾಲ್ಗುಣ

ತಂಡದ ಹೆಸರು ಹೇಳುವುದಿಲ್ಲ. ಹೇಳಿದರೆ ಅವರಿಗೆ ಇನ್ನೊಬ್ಬ ಅಭಿಮಾನಿ ಸಿಕ್ಕಾನು, ಆ ಪಾಪ ನನಗೆ ಬೇಡ. ಜರ್ಮನಿಯಲ್ಲಿ ನಾವಿರುವ ಹಳ್ಳಿಯಿಂದ ರೈಲಿನಲ್ಲಿ ಮುಕ್ಕಾಲು ಗಂಟೆ ದೂರದ ಊರಿನ ಫುಟ್‌ಬಾಲ್ ತಂಡ, ಇಷ್ಟು ಸಾಕು. ಹಿಂದಿನ ವರ್ಷ ಲೀಗಿನಲ್ಲಿ ಹೇಗೋ ಮೇಲೆ ತೇಲಿ, ಯುರೋಪಿನ ಪಂದ್ಯಾವಳಿಯಲ್ಲಿ ಜಾಗ ಗಿಟ್ಟಿಸಿತ್ತು. ಅಂದಿನಿಂದ ನಮ್ಮವರ ತಲೆ ನೆಟ್ಟಗಿರಲಿಲ್ಲ.

ನಮ್ಮವರು ಅಂದರೆ ನನ್ನ ಗಂಡ. ಹುಬ್ಬಳ್ಳಿಯಲ್ಲಿ ಹುಟ್ಟಿ, ಮೂವತ್ತು ವರ್ಷದವರೆಗೆ ಒಂದು ಫುಟ್‌ಬಾಲನ್ನೂ ಒದೆಯದ ಮನುಷ್ಯ. ಇಲ್ಲಿ ಕಾರಿನ ಬ್ರೇಕು ಪರೀಕ್ಷಿಸುವ ಕೆಲಸಕ್ಕೆ ಸೇರಿದ ಮೇಲೆ ಆಫೀಸಿನವರ ಜೊತೆ ಒಮ್ಮೆ ಸ್ಟೇಡಿಯಮ್ಮಿಗೆ ಹೋದರು, ಬರುವಾಗ ಕುತ್ತಿಗೆಗೆ ತಂಡದ ಬಣ್ಣದ ಮಫ್ಲರ್ ಸುತ್ತಿಕೊಂಡು ಬಂದರು. ಮರುದಿನದಿಂದ ಆ ತಂಡ ‘ನಾವು’ ಆಯಿತು. ನಾವು ಸೋತೆವು, ನಮಗೆ ಪೆನಾಲ್ಟಿ ಕೊಡಲಿಲ್ಲ, ನಮ್ಮ ಗೋಲ್‌ಕೀಪರನ ಮೊಣಕಾಲು ಉಳುಕಿತು. ಇವರ ಮೊಣಕಾಲು ಮಾತ್ರ ಸೋಫಾದ ಮೇಲೆ ಆರಾಮಾಗಿ ಮಡಚಿಕೊಂಡೇ ಇರುತ್ತಿತ್ತು.

ನಾನು ಊರಲ್ಲಿ ಡಾಕ್ಟರಾಗಿದ್ದವಳು. ಇಲ್ಲಿ ಡಾಕ್ಟರಾಗಬೇಕಾದರೆ ಕೆಂಟ್ನಿಸ್‌ಪ್ರೂಫುಂಗ್ ಎಂಬ ಪರೀಕ್ಷೆ ಪಾಸಾಗಬೇಕು. ಆಸ್ಪತ್ರೆಯಲ್ಲಿ ನಿಜವಾದ ರೋಗಿಯೊಬ್ಬರನ್ನು ನೋಡಿ, ಮೂವರು ಪರೀಕ್ಷಕರ ಮುಂದೆ ಕೂತು ಜರ್ಮನ್ ಭಾಷೆಯಲ್ಲಿ ಉತ್ತರ ಕೊಡಬೇಕು. ಮೂರೇ ಅವಕಾಶ. ನಾನು ಎರಡು ಸಲ ಫೇಲಾಗಿದ್ದೆ. ಮೂರನೆಯದೂ ಕೈಬಿಟ್ಟರೆ ಈ ದೇಶದಲ್ಲಿ ನಾನು ಡಾಕ್ಟರಲ್ಲ, ಕತೆ ಮುಗಿಯಿತು.

ಆ ಸೀಸನ್ನಿನ ಮೊದಲ ಎರಡು ಪಂದ್ಯಗಳನ್ನು ತಂಡ ಸೋತಿತ್ತು. ಮೂರನೆಯದಕ್ಕೆ ಗೆಳೆಯರೊಬ್ಬರ ಟಿಕೆಟ್ ಉಳಿದಿತ್ತು. ಪುಸ್ತಕ ನೋಡಿ ನೋಡಿ ತಲೆ ಚಿಟ್ಟು ಹಿಡಿದಿತ್ತು, ಹೋದೆ. ತಿನ್ನಲು ಸಸ್ಯಾಹಾರಿಗಳಿಗೆ ಅಂತ ಬ್ರೆಟ್ಸೆಲ್ ಎಂಬ ಗಂಟು ಹಾಕಿದ ಒಂದು ಒಣಕಲು ಬ್ರೆಡ್ಡು. ಹನ್ನೊಂದು ಜನ ತೊಂಬತ್ತು ನಿಮಿಷ ಚೆಂಡನ್ನು ಹಿಂದಕ್ಕೇ ಒದೆಯುತ್ತಿದ್ದರು. ಕೊನೆಗೆ ಎದುರಾಳಿಯೊಬ್ಬ ತನ್ನ ಗೋಲಿಗೆ ತಾನೇ ಚೆಂಡು ಹೊಡೆದುಕೊಂಡ. ನಾವು ಗೆದ್ದೆವಂತೆ.

ವಾಪಸು ಬರುವಾಗ ರೈಲಿನಲ್ಲಿ ನಮ್ಮವರು ಇದೆಲ್ಲ ನನ್ನ ಕಾಲ್ಗುಣ ಎಂದರು. ಅಷ್ಟಕ್ಕೇ ಸುಮ್ಮನಿದ್ದರೆ ಆಗುತ್ತಿತ್ತು. ಎದುರು ಕೂತಿದ್ದ ಆಫೀಸಿನ ಜರ್ಮನ್ ಮನುಷ್ಯನಿಗೂ ಅದನ್ನು ಹೇಳಬೇಕೆನಿಸಿತು. ಕಾಲ್ಗುಣಕ್ಕೆ ಜರ್ಮನ್ ಶಬ್ದ ಎಲ್ಲಿಂದ ತರುತ್ತಾರೆ? ನನ್ನ ಹೆಂಡತಿಯ ಪಾದಗಳು ಬಹಳ ಒಳ್ಳೆಯವು ಅಂದುಬಿಟ್ಟರು. ಆತ ಗಂಭೀರವಾಗಿ ನನ್ನ ಬೂಟು ನೋಡಿದ. ಆಮೇಲೆ ನಾನು ಯಾವ ಜಾಗದಲ್ಲಿ ಆಡುತ್ತೇನೆ ಎಂದು ಕೇಳಿ, ಹಳ್ಳಿಯ ಹೆಂಗಸರ ತಂಡಕ್ಕೆ ಎಡಬದಿಗೆ ಒಬ್ಬರು ಬೇಕಾಗಿದ್ದಾರೆ ಎಂದ.

ನಾಚಿಕೆಯಿಂದ ಸತ್ತೆ. ನಾನೇ ಬಿಡಿಸಿ ಹೇಳಬೇಕಾಯಿತು: ನಮ್ಮ ಕಡೆ ಒಬ್ಬರು ಮನೆಯೊಳಗೆ ಕಾಲಿಟ್ಟಾಗ ಒಳ್ಳೆಯದಾದರೆ ಅವರ ಕಾಲ್ಗುಣ ಚಲೋ ಅನ್ನುತ್ತಾರೆ, ಕೆಟ್ಟದ್ದಾದರೂ ಕಾಲಿನ ಮೇಲೇ ಹಾಕುತ್ತಾರೆ, ಇವೆಲ್ಲ ಹಳೆಯ ಕಾಲದ ಮಾತು. ಆತ ನಗುತ್ತಾನೆ ಅಂದುಕೊಂಡಿದ್ದೆ. ಎಲ್ಲಿಯ ನಗು! ಇಡೀ ದಿನ ಬ್ರೇಕಿನ ತಟ್ಟೆಯನ್ನು ಕೂದಲೆಳೆಯ ಲೆಕ್ಕದಲ್ಲಿ ಅಳೆಯುವ ಆ ಎಂಜಿನಿಯರ್, ಅದು ಪೂರಾ ನಿಜ ಎಂದು ತಲೆಯಾಡಿಸಿದ. ಪಂದ್ಯಕ್ಕೆ ಹಾಕುವ ಅಂಗಿಯನ್ನು ತಂಡ ಗೆಲ್ಲುವವರೆಗೆ ತಾನು ಒಗೆಯುವುದಿಲ್ಲವಂತೆ. ಒಗೆದಿಲ್ಲ ಎಂಬುದು ನನಗೆ ಆಗಲೇ ಗೊತ್ತಾಗಿತ್ತು.

ಅಲ್ಲಿಂದ ಶುರುವಾಯಿತು ನನ್ನ ಮೆರವಣಿಗೆ. ದೇಶದೊಳಗಿನ ಕಪ್ ಪಂದ್ಯಾವಳಿಯಲ್ಲಿ ತಂಡ ಯಾವುದೋ ಸಣ್ಣ ಊರಿಗೆ ಹೋಗಿ, ಕೆಳದರ್ಜೆಯವರ ಕೈಲಿ ಒದೆಸಿಕೊಂಡು ಬಂತು. ನಾನು ಹೋಗಿರಲಿಲ್ಲ, ಸರಿ, ತಪ್ಪು ನನ್ನದೇ. ಯುರೋಪಿನ ಪಂದ್ಯಗಳು ಗುರುವಾರ ಇರುತ್ತಿದ್ದವು. ನಮ್ಮ ಮೈದಾನದಲ್ಲೇ ಇದ್ದರೆ ನನಗೆ ಕರೆ ತಪ್ಪುತ್ತಿರಲಿಲ್ಲ. ಗೇಟಿನ ಬಳಿ ನಮ್ಮವರು ನಾನು ಬಲಗಾಲು ಮುಂದಿಡುತ್ತೇನೋ ಇಲ್ಲವೋ ಎಂದು ಬಗ್ಗಿ ನೋಡುತ್ತಿದ್ದರು. ಹೊಸ್ತಿಲ ಮೇಲೊಂದು ಅಕ್ಕಿಯ ಸೇರು ಇಡುವುದಷ್ಟೇ ಬಾಕಿ. ಪಂದ್ಯ ಡ್ರಾ ಆದ ದಿನ, ಹಿಂದಿನವರು ತಳ್ಳಿದಾಗ ನನ್ನ ಎಡಗಾಲು ಮೊದಲು ಒಳಗೆ ಹೋಗಿತ್ತು ಎಂದು ಮೂರು ಜನ ಸಾಕ್ಷಿ ಹೇಳಿದರು.

ಹಾಗಾದರೆ ಯಾಕೆ ಹೋದೆ? ಸುಳ್ಳು ಹೇಳುವುದಿಲ್ಲ, ನನಗದು ಹಿತವಾಗಿತ್ತು. ಎರಡು ಸಲ ಫೇಲಾಗಿ ಮುಖ ಒಣಗಿಸಿಕೊಂಡಿದ್ದವಳನ್ನು ನೋಡಿ, ನೀವು ಬಂದು ಕೂತರೆ ಸಾಕು ಎಂದು ನಾಲ್ಕು ಜನ ಜಾಗ ಬಿಟ್ಟುಕೊಡುತ್ತಿದ್ದರು. ನಾನೂ ನಗುತ್ತ ಕೂರುತ್ತಿದ್ದೆ. ಆ ನಗುವನ್ನು ನೆನೆಸಿಕೊಂಡರೆ ಈಗ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಚಳಿಗಾಲ ಕಳೆಯುವಷ್ಟರಲ್ಲಿ ಪರೀಕ್ಷೆಯ ಪತ್ರ ಬಂತು. ಶುಕ್ರವಾರ ಬೆಳಿಗ್ಗೆ ಎಂಟು ಗಂಟೆಗೆ ಹಾಜರಿರಬೇಕು. ಕ್ಯಾಲೆಂಡರಿನಲ್ಲಿ ಅದರ ಹಿಂದಿನ ಚೌಕಕ್ಕೆ ನಮ್ಮವರು ಆಗಲೇ ಕೆಂಪು ಸುತ್ತು ಹಾಕಿದ್ದರು. ಗುರುವಾರ ನಮ್ಮ ಮೈದಾನದಲ್ಲಿ ಯುರೋಪಿನ ನಾಕೌಟ್ ಪಂದ್ಯ, ಸೋತವರು ಮನೆಗೆ.

ಅದರ ಹಿಂದಿನ ಭಾನುವಾರ ಮಧ್ಯಾಹ್ನ ನಮ್ಮವರು ಇಬ್ಬರು ಗೆಳೆಯರನ್ನು ಊಟಕ್ಕೆ ಕರೆದರು. ಇಬ್ಬರೂ ನಮ್ಮ ಕಡೆಯವರೇ, ಅದೇ ಕಂಪನಿಯ ಎಂಜಿನಿಯರುಗಳು. ಎಣ್ಣೆಗಾಯಿ ಬಡಿಸುವಾಗಲೇ ನನಗೆ ಗೊತ್ತಾಯಿತು, ಇದು ಊಟವಲ್ಲ, ಪಂಚಾಯಿತಿ. ನಾನು ಬರುವುದಿಲ್ಲ, ನನಗೆ ಪರೀಕ್ಷೆ ಇದೆ ಎಂದೆ. ಹಾಗಾದರೆ ಮೊದಲರ್ಧ ಮಾತ್ರ ಎಂದರು. ಅದೂ ಇಲ್ಲ ಎಂದೆ. ಆಗ ಗೆಳೆಯರಲ್ಲಿ ಕಿರಿಯ ರೊಟ್ಟಿ ಕೆಳಗಿಟ್ಟು, ತುಂಬಾ ವಿಚಾರ ಮಾಡಿದವನಂತೆ ಹೇಳಿದ:

“ವೈನೀ, ಮ್ಯಾಚ್ ನೋಡೂದ ಬ್ಯಾಡ್ರಿ. ಗೇಟಿನ್ಯಾಗ ಬಲಗಾಲ್ ಒಂದ್ ಇಟ್ಟು ಹೊಳ್ಳಿ ಮನಿಗೆ ಬಂದ್ಬಿಡ್ರಿ. ಟಿಕೆಟ್ ಸ್ಕ್ಯಾನ್ ಆದ್ರ ಸಾಕು.”

ಅಂದರೆ ಅವರಿಗೆ ನಾನು ಬೇಕಿರಲಿಲ್ಲ, ಕಾಲು ಸಾಕಿತ್ತು. ಬಿಚ್ಚಿ ಕೊಡುವ ಹಾಗಿದ್ದರೆ ಡಬ್ಬಿಯಲ್ಲಿ ಹಾಕಿಸಿಕೊಂಡು ಹೋಗುತ್ತಿದ್ದರು. ಇದಕ್ಕಾದರೂ ನಮ್ಮವರು ಗದರುತ್ತಾರೆ ಅಂದುಕೊಂಡು ಅವರ ಮುಖ ನೋಡಿದೆ. ಅವರು ಪಲ್ಯ ಹಚ್ಚಿಕೊಳ್ಳುತ್ತ, ನನಗೆ ಸಮಾಧಾನ ಹೇಳುವ ದನಿಯಲ್ಲಿ ಹೇಳಿದರು:

“ಪರೀಕ್ಷಾ ಮತ್ತ ಬರ್ತದ. ಯುರೋಪ್ ಹಂಗ ಬರಂಗಿಲ್ಲ.”

“ರೀ, ಇದು ಎಷ್ಟನೇ ಸಲ?” ಎಂದು ಕೇಳಿದೆ.

ಅವರು ತುತ್ತು ಹಿಡಿದುಕೊಂಡು ಯೋಚಿಸಿದರು. “ಎರಡನೇದ ಅಲ್ಲೇನು?”

ಆ ಗೋಲ್‌ಕೀಪರನ ಯಾವ ಮೊಣಕಾಲಿಗೆ ಯಾವ ತಿಂಗಳು ಆಪರೇಷನ್ ಆಯಿತು ಎಂದು ನಿದ್ದೆಯಲ್ಲಿ ಕೇಳಿದರೂ ಹೇಳುವ ಮನುಷ್ಯ. ನಾನು ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ. ಗೆಳೆಯರು ಮೊಸರನ್ನೂ ಹಾಕಿಸಿಕೊಳ್ಳದೆ ಹೋದರು. ಇದು ಮೂರನೆಯದು ಎಂದು ಆಮೇಲೆ ಯಾರೋ ನೆನಪಿಸಿರಬೇಕು, ನಮ್ಮವರು ಸಂಜೆ ಬಂದು ಕ್ಷಮಿಸು ಎಂದರು. ಎಂದ ಮೇಲೂ ಟಿಕೆಟ್ಟನ್ನು ಮಾತ್ರ ಯಾರಿಗೂ ಕೊಡದೆ ಫ್ರಿಜ್ಜಿನ ಮೇಲಿಟ್ಟರು.

ನಾನು ಹೋಗಲಿಲ್ಲ. ತಂಡ ಮೂರು ಗೋಲು ಹೊಡೆಸಿಕೊಂಡು ಯುರೋಪಿನಿಂದ ಹೊರಬಿತ್ತು. ಆ ಆಟಕ್ಕೆ ನನ್ನ ಕಾಲಲ್ಲ, ಇಡೀ ಹುಬ್ಬಳ್ಳಿಯ ಕಾಲುಗಳನ್ನು ತಂದಿಟ್ಟರೂ ಅಷ್ಟೇ ಆಗುತ್ತಿತ್ತು. ಬೆಳಿಗ್ಗೆ ನಮ್ಮವರು ಸೂತಕದ ಮನೆಯವರ ಹಾಗೆ ಚಹಾ ಕುಡಿಯುತ್ತ ಕೂತಿದ್ದರು. ನಾನು ಬ್ಯಾಗು ಎತ್ತಿಕೊಂಡಾಗ ಒಳ್ಳೆಯದಾಗಲಿ ಎಂದೇನೋ ಅಂದರು, ಕಣ್ಣು ಮಾತ್ರ ಫೋನಿನಲ್ಲಿ ಗೋಲುಗಳನ್ನು ಮತ್ತೆ ನೋಡುತ್ತಿತ್ತು.

ನನಗೆ ಸಿಕ್ಕ ರೋಗಿ ಉಸಿರಾಟದ ತೊಂದರೆಯ ಒಬ್ಬ ಅಜ್ಜಿ. ಒಳ್ಳೆಯ ಹೆಂಗಸು, ಕೇಳಿದ್ದಕ್ಕೆಲ್ಲ ನಿಧಾನವಾಗಿ ಉತ್ತರ ಕೊಟ್ಟಳು. ಎದೆಗೆ ಸ್ಟೆತಾಸ್ಕೋಪ್ ಇಟ್ಟೆ. ಆ ಸದ್ದು ನನಗೆ ಗೊತ್ತಿತ್ತು, ಅದಕ್ಕೆ ಯಾವ ಭಾಷೆಯೂ ಬೇಕಿರಲಿಲ್ಲ. ಪರೀಕ್ಷಕರು ಹೃದಯದಿಂದ ಮೂತ್ರಪಿಂಡಕ್ಕೆ, ಅಲ್ಲಿಂದ ಔಷಧಿಯ ಪ್ರಮಾಣಕ್ಕೆ ಎಳೆದಾಡಿದರು. ಎಲ್ಲದಕ್ಕೂ ಉತ್ತರ ಹೇಳಿದೆ. ಒಂದು ಕಡೆ ವ್ಯಾಕರಣ ತಪ್ಪಿತು, ಔಷಧಿ ತಪ್ಪಲಿಲ್ಲ. ಅರ್ಧ ಗಂಟೆ ಹೊರಗೆ ಕೂರಿಸಿ, ಕರೆದು, ಕೈಕುಲುಕಿದರು.

ಕಾರಿಡಾರಿನಲ್ಲಿ ಗೋಡೆಗೆ ಒರಗಿ ಅತ್ತೆ. ಎರಡೂವರೆ ವರ್ಷದ ಓದು ಕಣ್ಣಲ್ಲಿ ಸುರಿಯಿತು. ಮುಖ ಒರೆಸಿಕೊಂಡು ಫೋನು ತೆಗೆದು ನಮ್ಮವರಿಗೆ ಪಾಸಾದೆ ಎಂದು ಹೇಳಿದೆ. ಅವರಿಗೆ ನಿಜವಾಗಿಯೂ ಖುಷಿಯಾಯಿತು, ದನಿಯಲ್ಲೇ ಗೊತ್ತಾಗುತ್ತಿತ್ತು.

“ಭಾಳ ಚಲೋ ಆತು ನೋಡ,” ಎಂದರು. “ನಿನ್ನೆ ನೀ ಬರಲಿಲ್ಲ, ಅದ ಒಳ್ಳೇದಾತು. ಬಂದಿದ್ರ ಕಾಲ್ಗುಣ ಎಲ್ಲಾ ಅಲ್ಲೇ ಖರ್ಚಾಗಿಬಿಡ್ತಿತ್ತು.”

ಅದೇ ಉಸಿರಿನಲ್ಲಿ, ಭಾನುವಾರ ಲೀಗಿನ ಪಂದ್ಯವಿದೆ, ಇನ್ನು ಓದುವುದೂ ಇಲ್ಲವಲ್ಲ, ಬರುತ್ತೀಯಲ್ಲ ಎಂದು ಕೇಳಿದರು. ಬರುವುದಿಲ್ಲ ಎಂದು ಫೋನು ಇಟ್ಟೆ. ಈ ಫೋನು ಮೊದಲು ಅವ್ವನಿಗೆ ಮಾಡಬೇಕಿತ್ತು.