ಕಿತ್ತ ಜೇಬು

ಗಾಯಕಿಯೊಬ್ಬಳಿಗೆ ಅಭಿಮಾನಿ ಸಂಘವೂ ಇರುತ್ತದೆಂದು ಅಜ್ಜಿಗೆ ಗೊತ್ತಾದದ್ದು, ಅವಳ ಮನೆಯ ಬೀದಿಬದಿಯ ಕೋಣೆಯಲ್ಲಿ ಬಾಡಿಗೆಗಿದ್ದ ದರ್ಜಿ ಸ್ವಂತ ತಮ್ಮನ ಅಂಗಿಯ ಜೇಬು ಕಿತ್ತ ದಿನ. ಜೇಬಿನ ಮೇಲೆ ಆ ಗಾಯಕಿಯ ಮುಖದ ಕಸೂತಿಯಿತ್ತು. ಅಣ್ಣತಮ್ಮಂದಿರಿಬ್ಬರೂ ಅವಳ ಸಂಘದವರು; ಸಂಘದವರಿಗೆಲ್ಲ ಅದನ್ನು ಹಾಕಿಕೊಟ್ಟವನು ಈ ದರ್ಜಿಯೇ. ಗಾಯಕಿ ಬ್ಲೂಸ್ ಎಂಬ ಪಾಶ್ಚಾತ್ಯ ಶೈಲಿಯಲ್ಲಿ ಹಾಡುವ ಯಾರೋ ಗಿಟಾರಿನವನ ಜೊತೆ ಸೇರಿ ಆಲ್ಬಮ್ ಮಾಡಿದ್ದಳಂತೆ. ತಮ್ಮ ಅದನ್ನು ಮೆಚ್ಚಿದ, ಇವನು ಉರಿದುಬಿದ್ದ.

"ಆ ಗೊಗ್ಗರು ಗಂಟಲಿನವನ ಜೊತೆ ಹಾಡಿ ಕೆಟ್ಟಳು, ಅಜ್ಜಿ!"

"ನೀನು ಕೇಳಿದೆಯೇನೋ?"

"ಕೇಳೋದೇ? ಆಣೆ ಮಾಡಿದೀನಿ, ನಾನಾಗಿ ಹಾಕ್ಕೊಂಡು ಕೇಳೋದಿಲ್ಲ ಅಂತ!"

ಉಣ್ಣದೆಯೇ ಉಪ್ಪು ಹೆಚ್ಚಾಯಿತೆನ್ನುವ ಗಂಡು! ಆ ಗಾಯಕಿಗೆ ಇವರ ಮುಖಪರಿಚಯವೂ ಇಲ್ಲ. ಇಲ್ಲಿ ಅಣ್ಣತಮ್ಮಂದಿರು ಮಾತು ಬಿಟ್ಟರು. ಕತ್ತರಿ ಹಿಡಿಯುತ್ತಿದ್ದ ತಮ್ಮ ಹೊರಟುಹೋದ ಮೇಲೆ ಬಟ್ಟೆ ರಾಶಿ ಬಿತ್ತು, ಗಿರಾಕಿಗಳು ಬೈದು ಬೇರೆ ಕಡೆ ಹೋದರು, ಅಂಗಡಿಯನ್ನೇ ಮುಚ್ಚಬೇಕಾಯಿತು. ಸಾಮಾನು ಕಟ್ಟಿದ ದಿನ ದರ್ಜಿ ಅಜ್ಜಿಯ ಬಾಗಿಲಿಗೆ ಬಂದು ನಿಂತ. ಈಗಲಾದರೂ ತಮ್ಮನನ್ನು ಕರೆಸಿ ಎನ್ನುತ್ತಾನೆಂದುಕೊಂಡಳು.

"ಅಜ್ಜಿ, ಆ ಹಾಡುಗಳನ್ನ ನಿಮ್ಮ ಕೋಣೇಲಿ ಒಂದ್ಸಲ ಜೋರಾಗಿ ಹಾಕಿ. ನೀವೇ ಕೇಳ್ತಿದ್ದ ಹಾಗಿರ್ಲಿ. ನಾನು ಗೋಡೆ ಆಚೆ ಸುಮ್ನೆ ಕೂತಿರ್ತೀನಿ."