ಪಕ್ಕದ ಹಾಸಿಗೆಯ ಕರೆ

ನಂಬುವವರು ನಂಬಿ, ಬಿಡುವವರು ಬಿಡಿ. ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನು ನಾನು, ಕತೆ ಕಟ್ಟಲು ಬರುವುದಿಲ್ಲ. ಫರೀದಾಬಾದಿನ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ಕಬ್ಬಿಣ ಕಡೆಯುವ ಲೇತ್ ಯಂತ್ರ ನಡೆಸಿದ್ದೇನೆ. ಕೂದಲೆಳೆಯಷ್ಟು ತಪ್ಪಿದರೂ ನನ್ನ ಕಿವಿಗೆ ಗೊತ್ತಾಗುತ್ತದೆ. ಆ ರಾತ್ರಿಯೂ ಅದು ತಪ್ಪು ಕೇಳಲಿಲ್ಲ.

ಕ್ಯಾನ್ಸರ್ ಎಂದು ನನ್ನ ಮೂತ್ರಕೋಶ ತೆಗೆದು, ನನ್ನದೇ ಕರುಳಿನ ತುಂಡಿನಿಂದ ಹೊಸ ಚೀಲ ಹೊಲಿದಿದ್ದರು. ಮೂರು ವಾರದ ನಂತರ ಮೂತ್ರದ ನಳಿಕೆ ತೆಗೆಸಲು ದಿಲ್ಲಿಯ ಅದೇ ಆಸ್ಪತ್ರೆಗೆ ಮತ್ತೆ ಸೇರಿದ್ದೆ. ಹೊಸ ಚೀಲಕ್ಕೆ ತಾನು ತುಂಬಿದ್ದು ತಿಳಿಯುವುದಿಲ್ಲ. ಹಗಲಿರಲಿ ರಾತ್ರಿಯಿರಲಿ, ಮೂರು ಗಂಟೆಗೊಮ್ಮೆ ಎದ್ದು ಖಾಲಿ ಮಾಡಬೇಕು. “ಮೈಮರೆತು ಮಲಗಿದರೆ ಒಡೆದೀತು,” ಎಂದಿದ್ದರು ಡಾಕ್ಟರ್.

ವಾರ್ಡಿನಲ್ಲಿ ರಾತ್ರಿ ಫೋನಿನ ಅಲಾರಂ ಇಡುವಂತಿರಲಿಲ್ಲ. ಗಂಡಸರ ವಾರ್ಡು, ಹೆಂಡತಿಯೂ ಒಳಗೆ ಮಲಗುವಂತಿರಲಿಲ್ಲ. ಎಬ್ಬಿಸುವ ಕೆಲಸ ಹಿಡಿದವನು ಪಕ್ಕದ ಹಾಸಿಗೆಯ ಗೋವಿಂದಣ್ಣ.

ಅವನೂ ನಮ್ಮ ಕಡೆಯವನೇ, ದಿಲ್ಲಿಯ ಮುಖರ್ಜಿ ನಗರದಲ್ಲಿ ಪರೀಕ್ಷೆಗೆ ಓದುವ ಹುಡುಗರಿಗೆ ಮೆಸ್ ನಡೆಸುವ ಅಡುಗೆಯವನು. ಅವನಿಗೆ ಹೊಟ್ಟೆಯ ಕ್ಯಾನ್ಸರ್. ಜಠರವನ್ನೇ ಪೂರ್ತಿ ತೆಗೆದು ಅನ್ನನಾಳವನ್ನು ಕರುಳಿಗೆ ಜೋಡಿಸಿದ್ದರು. ಎರಡೆರಡೇ ಚಮಚ ಗಂಜಿ, ಚೂರುಪಾರು ಬ್ರೆಡ್ಡು, ಹಗಲೂ ರಾತ್ರಿಯೂ.

“ಅಡುಗೆಯವನಿಗೆ ಹೊಟ್ಟೆ ಇಲ್ಲ, ನಿಮಗೆ ಕರುಳೇ ಉಚ್ಚೆ ಚೀಲ!” ಎಂದು ನಗುತ್ತಿದ್ದ. “ದೇವರ ಅಂಗಡೀಲಿ ಸಾಮಾನು ಅದಲುಬದಲಾಗಿದೆ ಮೇಸ್ತ್ರಿ.”

ರಾತ್ರಿ ಹನ್ನೊಂದು, ಎರಡು, ಐದು. ಮಂಚದ ಕಂಬಿಗೆ ಬೆರಳಲ್ಲಿ ತಟ್ಟುತ್ತಿದ್ದ. “ಏಳಿ ಮೇಸ್ತ್ರಿ, ಎರಡಾಯ್ತು.” ನಾನು ಬಾತ್ರೂಮಿನಿಂದ ಬರುವಷ್ಟರಲ್ಲಿ ಅವನು ಪರದೆ ಎಳೆದುಕೊಂಡು ನಿಧಾನವಾಗಿ ಅಗಿಯುತ್ತಿರುತ್ತಿದ್ದ. ಆತುರಪಟ್ಟರೆ ತಲೆ ತಿರುಗಿ ಬೆವರುತ್ತಿದ್ದ. “ನಿಧಾನ ಗೋವಿಂದಣ್ಣ” ಎನ್ನುವುದು ನನ್ನ ಕೆಲಸ.

ಮೂರನೆಯ ರಾತ್ರಿ ಎರಡಕ್ಕೆ ಎಬ್ಬಿಸಿದವನು ತಿನ್ನಲಿಲ್ಲ. ಎಡ ಭುಜ ಹಿಡಿದುಕೊಂಡು ನಡುಗುತ್ತಿದ್ದ. ಕೈ ಮುಟ್ಟಿದೆ... ಕಾದ ತವೆ.

“ಸಿಸ್ಟರನ್ನ ಕರೀತೀನಿ,” ಎಂದೆ.

“ಬೇಡ ಮೇಸ್ತ್ರಿ, ಕೈ ಮುಗೀತೀನಿ. ನಾಳೆ ಮನೆಗೆ ಕಳಿಸ್ತಾರೆ. ಈಗ ಹೇಳಿದ್ರೆ ಮತ್ತೆ ಬಾಯಿ ಕಟ್ಟಿಸ್ತಾರೆ, ನೀರೂ ಕೊಡಲ್ಲ. ಮಾತು ಕೊಡಿ.”

ಕೊಟ್ಟೆ. ಕೊಟ್ಟ ಮಾತು ಮುರಿಯುವವನಲ್ಲ ನಾನು ಎಂಬ ಜಂಬ ಬೇರೆ.

ಬೆಳಿಗ್ಗೆ ಅವನ ಹೊಟ್ಟೆ ಹಲಗೆಯಂತೆ ಬಿಗಿದಿತ್ತು. ಒಳಗಿನ ಹೊಲಿಗೆ ಸೋರಿದೆ ಎಂದು ಐಸಿಯುಗೆ ದೂಡಿಕೊಂಡು ಹೋದರು. ಅವನ ಹೆಂಡತಿ ಕಾರಿಡಾರಿನಲ್ಲಿ ನನ್ನನ್ನು ತಡೆದಳು.

“ಅಣ್ಣಾ, ರಾತ್ರಿ ನೋವು ಅಂತ ಏನಾದ್ರೂ ಅಂದಿದ್ರಾ?”

“ಇಲ್ಲಮ್ಮ,” ಎಂದೆ.

ಅಂದು ರಾತ್ರಿ ಸಿಸ್ಟರ್ ಬಂದು ಕೇಳಿದಳು, “ಭಯ್ಯಾ, ನಾನು ಎಬ್ಬಿಸಲಾ?” ಇಡೀ ವಾರ್ಡಿಗೆ ಅವಳೊಬ್ಬಳೇ. “ಬೇಡ. ವರ್ಷಗಟ್ಟಲೆ ಸೈರನ್ ಇಲ್ಲದೆ ಶಿಫ್ಟಿಗೆ ಎದ್ದವನು ನಾನು,” ಎಂದೆ. ಹನ್ನೊಂದಕ್ಕೆ ಎದ್ದೆ ಕೂಡ. ಆಮೇಲೆ ಕಲ್ಲಿನಂಥ ನಿದ್ದೆ...

ಟಕ್... ಟಕ್...

“ಏಳಿ ಮೇಸ್ತ್ರಿ, ಎರಡಾಯ್ತು.”

ಎದ್ದೆ. ಕೆಳಹೊಟ್ಟೆ ಕಲ್ಲಾಗಿತ್ತು. ಬಾತ್ರೂಮಿನಲ್ಲಿ ತುಂಬ ಹೊತ್ತು ಏನೂ ಬರಲಿಲ್ಲ. ಕೊನೆಗೆ ಕರುಳಿನ ಲೋಳೆಯ ಗಂಟೊಂದು ಜಾರಿದ ಮೇಲೆ ಹರಿಯಿತು. ಗೋಡೆ ಹಿಡಿದು ನಿಂತೆ.

ವಾಪಸು ಬಂದಾಗ ಪಕ್ಕದ ಹಾಸಿಗೆಯ ಪರದೆ ಎಳೆದಿತ್ತು. ಮಲಗುವಾಗ ತೆರೆದಿತ್ತು. ಫಿನಾಯಿಲ್ ವಾಸನೆಯ ನಡುವೆ ಕರಿಬೇವು ಸಿಡಿದ ಒಗ್ಗರಣೆಯ ಘಮ. ಒಳಗೆ ಯಾರೋ ಅಗಿಯುತ್ತಿದ್ದರು... ಆತುರಾತುರವಾಗಿ, ಎಷ್ಟೋ ದಿನದ ಹಸಿವಿನವರ ಹಾಗೆ.

ನಿದ್ದೆಗಣ್ಣಲ್ಲಿ ಅಭ್ಯಾಸಬಲದಿಂದ ಅಂದುಬಿಟ್ಟೆ. “ನಿಧಾನ ಗೋವಿಂದಣ್ಣ.”

ಅಗಿಯುವುದು ನಿಂತಿತು.

ಆಗ ನೆನಪಾಯಿತು, ಅವನು ಅಲ್ಲಿಲ್ಲ ಎಂದು. ಪರದೆ ಸರಿಸಿದೆ. ಚಾದರವನ್ನೂ ತೆಗೆದ ಬರಿ ರೆಕ್ಸಿನ್ ಹಾಸಿಗೆ. ಅಂಗೈ ಇಟ್ಟೆ... ಬೆಚ್ಚಗಿತ್ತು.

ಬೆಳಿಗ್ಗೆ ಸಿಸ್ಟರ್ ಮೆಲ್ಲಗೆ ಹೇಳಿದಳು. ಗೋವಿಂದಣ್ಣ ಐಸಿಯುನಲ್ಲಿ ತೀರಿಹೋಗಿದ್ದು ರಾತ್ರಿ ಹನ್ನೆರಡಕ್ಕೆ ಮೊದಲೇ. ನಾನು ಎರಡು ಗಂಟೆಯ ವಿಷಯ ಹೇಳಿದೆ. “ಔಷಧಿ ಅಮಲು, ಭಯ್ಯಾ,” ಎಂದಳು. ರೌಂಡಿಗೆ ಬಂದ ಡಾಕ್ಟರ್ ನನ್ನ ಫೈಲು ನೋಡಿ ಬೆನ್ನು ತಟ್ಟಿದರು. “ರಿಸಲ್ಟ್ ಬಹುತ್ ಅಚ್ಛಾ.” ಕಾರಿಡಾರಿನಲ್ಲಿ ಅವನ ಹೆಂಡತಿ ಅಳುತ್ತಿದ್ದದ್ದು ನಮ್ಮಿಬ್ಬರಿಗೂ ಕೇಳುತ್ತಿತ್ತು.

ಈಗ ಮತ್ತೆ ಲೇತ್ ಹತ್ತಿರ ನಿಲ್ಲುತ್ತೇನೆ. ಮನೆಯಲ್ಲಿ ನನ್ನ ಹೆಂಡತಿ ಸರೋಜ ಎರಡಕ್ಕೆ ಅಲಾರಂ ಇಡುತ್ತಾಳೆ. ಅದು ಹೊಡೆಯುವ ಮೊದಲೇ ಆ ದನಿ ಬರುತ್ತದೆ. ಒಂದು ರಾತ್ರಿಯೂ ತಪ್ಪಿಲ್ಲ. ಅವನು ನನ್ನನ್ನು ಬೈದರೆ ಹಗುರಾದೀತು, ಬೈಯುವುದಿಲ್ಲ.

ಹೋದ ವಾರ ತಡೆಯಲಾಗಲಿಲ್ಲ. ಕತ್ತಲಲ್ಲೇ ಕೂತು ಹೇಳಿದೆ. “ಗೋವಿಂದಣ್ಣ, ಆವತ್ತು ನಾನು ಸಿಸ್ಟರನ್ನ ಕರೀಬೇಕಿತ್ತು.”

ಎದ್ದು ಬಾತ್ರೂಮಿಗೆ ಹೋಗಿ ಬಂದೆ. ಸರೋಜ ಗೋಡೆಯ ಕಡೆ ಮುಖ ಮಾಡಿ ನಿದ್ದೆಯಲ್ಲಿದ್ದಳು. ನಾನು ಮಲಗುವ ಬದಿಯಲ್ಲಿ, ಹಾಸಿಗೆಯ ಅಂಚು ತಗ್ಗಾಗಿತ್ತು. ಯಾರೋ ಕೂತ ಹಾಗೆ. ನಾನು ನೋಡುತ್ತಿದ್ದಂತೆಯೇ ಅದು ಮೆಲ್ಲಗೆ ಮೇಲೆದ್ದು ಸಮವಾಯಿತು.

ಅವನು ಎದ್ದು ಹೋದನೋ, ಇನ್ನೂ ಹತ್ತಿರ ಬಂದನೋ ಗೊತ್ತಾಗಲಿಲ್ಲ. ಬೆಳಗಾಗುವವರೆಗೂ ನಾನು ಗೋಡೆಗೆ ಬೆನ್ನು ಕೊಟ್ಟು ನಿಂತೇ ಇದ್ದೆ.